ಹಳೆ ಕಾರ್ಬ್ಯುರೇಟರ್ ಎಂಜಿನ್ನಿನ ವ್ಯಾಕ್ಯೂಮ್ ಪೈಪ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಕಾರವಾರ, ಅಂಕೋಲಾ, ಹೊನ್ನಾವರದಿಂದ ಹಳೆ ಪೆಟ್ರೋಲ್ ಗಾಡಿಗಳು ಬರುತ್ತವೆ. ಘಟ್ಟ ಇಳಿದು ಶಿರಸಿ, ಸಿದ್ದಾಪುರದಿಂದಲೂ ಬರುತ್ತವೆ. ಮಾರುತಿ 800, ಓಮ್ನಿ, ಜಿಪ್ಸಿ ಜಾಸ್ತಿ. ಅಪ್ಪನ ಕಾಲದ ಗಾಡಿ, ಮಾರಲು ಮನಸ್ಸಿಲ್ಲ ಅನ್ನುವವರೇ ಹೆಚ್ಚು. ಬಾನೆಟ್ ಎತ್ತಿದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಈ ಕರಿ ಪೈಪ್‌ಗಳೆಲ್ಲ ಎಂತಕ್ಕೆ? ಇದನ್ನೆಲ್ಲ ತೆಗೆದು ಹಾಕಬಹುದಾ?" ಪ್ರತಿಯೊಬ್ಬರಿಗೂ ನಿಂತು ಹೇಳುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ಈ ಸಣ್ಣ ಪೈಪ್‌ಗಳಲ್ಲಿ ಹರಿಯುವುದಾದರೂ ಏನು?

ಹೆಚ್ಚಿನವುಗಳಲ್ಲಿ ಏನೂ ಹರಿಯುವುದಿಲ್ಲ. ಎಳೆತ ಮಾತ್ರ ಇರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಎಳೆಯುತ್ತದೆ. ಆದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಒಳಗೆ, ಆ್ಯಕ್ಸಿಲರೇಟರ್ ಒತ್ತಿದಾಗ ತೆರೆಯುವ ಥ್ರೋಟಲ್ ತಟ್ಟೆ ಮುಚ್ಚಿರುತ್ತದೆ. ಬೇಕಾದಷ್ಟು ಗಾಳಿ ಸಿಗದೆ ಮ್ಯಾನಿಫೋಲ್ಡ್, ಅಂದರೆ ಕಾರ್ಬ್ಯುರೇಟರ್‌ನಿಂದ ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆಯ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಅದೇ ವ್ಯಾಕ್ಯೂಮ್. ಎಳನೀರು ಕುಡಿಯುವಾಗ ಸ್ಟ್ರಾ ತುದಿ ಗಂಜಿಗೆ ಕಚ್ಚಿಕೊಂಡರೆ ಕೆನ್ನೆ ಒಳಗೆ ಹೋಗುತ್ತದಲ್ವಾ, ಹಾಗೆ.

ಈ ಎಳೆತ ಪುಕ್ಕಟೆ ಸಿಗುವ ಶಕ್ತಿ. ತೆಳು ರಬ್ಬರ್ ಪೊರೆ ಇರುವ ಡಬ್ಬಿಗೆ ಪೈಪ್ ಕೊಟ್ಟರೆ ಪೊರೆ ಒಳಗೆ ಸರಿಯುತ್ತದೆ, ಅದಕ್ಕೆ ಕಟ್ಟಿದ ಕಡ್ಡಿ ಎಳೆಯುತ್ತದೆ. ಈ ಡಬ್ಬಿಗೆ ಡಯಾಫ್ರಮ್ ಅನ್ನುತ್ತೇವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ತಿಳಿಸಲು ಇದಕ್ಕಿಂತ ಒಳ್ಳೆ ದಾರಿ ಇರಲಿಲ್ಲ.

ಗಾಳಿ ಅಥವಾ ಆವಿ ನಿಜವಾಗಿ ಹರಿಯುವ ಪೈಪ್‌ಗಳೂ ಇವೆ. ಎಂಜಿನ್ ಹೊಟ್ಟೆಯ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ತರುವ ಪಿಸಿವಿ ಪೈಪ್, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಇದ್ದಿಲ ಡಬ್ಬಿಗೆ ತರುವ ಪೈಪ್, ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿನ ದಪ್ಪ ಪೈಪ್. ಇವು ಬೇರೆ ಜಾತಿ. ಹಾಕುವ ರಬ್ಬರ್ ಕೂಡ ಬೇರೆ.

ಕಾರ್ಬ್ಯುರೇಟರ್ ಮೇಲೆ ಪೈಪ್ ಸಿಕ್ಕಿಸುವ ನಾಲ್ಕಾರು ನಿಪ್ಪಲ್ ಇವೆ. ಯಾವುದಕ್ಕೆ ಹಾಕಿದರೂ ಎಳೆತ ಒಂದೇ ಅಲ್ವಾ?

ಅಲ್ಲ. ಬಹಳ ಜನ ಎಡವುವುದು ಇಲ್ಲೇ. ಹಾಗಾಗಿ ಇದನ್ನು ನಿಧಾನಕ್ಕೆ ಓದಿ.

ಥ್ರೋಟಲ್ ತಟ್ಟೆಗಿಂತ ಕೆಳಗೆ, ಎಂಜಿನ್ ಕಡೆಗೆ ಇರುವ ನಿಪ್ಪಲ್‌ನಲ್ಲಿ ಐಡ್ಲಿಂಗ್ ಆಗುತ್ತಿರುವಾಗಲೇ, ಅಂದರೆ ಆ್ಯಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗಲೇ ಜೋರಾದ ಎಳೆತ ಇರುತ್ತದೆ. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದರೆ ಅದು ಸೊನ್ನೆಗೆ ಹತ್ತಿರ ಬರುತ್ತದೆ. ಇದು ಮ್ಯಾನಿಫೋಲ್ಡ್ ಎಳೆತ.

ಇನ್ನೊಂದು ನಿಪ್ಪಲ್‌ನ ತೂತು ಮುಚ್ಚಿದ ತಟ್ಟೆಯ ಅಂಚಿಗಿಂತ ಕೂದಲೆಳೆಯಷ್ಟು ಮೇಲೆ ಇರುತ್ತದೆ. ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತವೇ ಇಲ್ಲ. ಸ್ವಲ್ಪ ರೇಸ್ ಕೊಟ್ಟ ಕೂಡಲೇ ತಟ್ಟೆಯ ಅಂಚು ತೂತನ್ನು ದಾಟುತ್ತದೆ, ಎಳೆತ ಶುರುವಾಗುತ್ತದೆ. ಇದಕ್ಕೆ ಪೋರ್ಟೆಡ್ ವ್ಯಾಕ್ಯೂಮ್ ಎನ್ನುತ್ತಾರೆ.

ಮೂರನೆಯ ಜಾತಿಯ ನಿಪ್ಪಲ್‌ನಲ್ಲಿ ಎಳೆತ ಇರಲೇಬಾರದು. ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು ಉಸಿರಾಡುವ ದಾರಿ ಅದು. ಸುಮ್ನೆ ಖಾಲಿ ಇದೆ ಎಂದು ಅದಕ್ಕೆ ಮುಚ್ಚಳ ಹಾಕಿದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ಗುರುತಿಸಲು ಬೆರಳು ಸಾಕು. ಎಂಜಿನ್ ಬಿಸಿಯಾಗಲಿ. ಐಡ್ಲಿಂಗ್‌ನಲ್ಲಿ ಇಟ್ಟು, ಒಂದೊಂದೇ ಪೈಪ್ ಕಳಚಿ ನಿಪ್ಪಲ್ ಬಾಯಿಗೆ ಬೆರಳು ಇಡಿ. ಬೆರಳ ತುದಿ ಕಚ್ಚಿ ಹಿಡಿದರೆ ಮ್ಯಾನಿಫೋಲ್ಡ್. ಏನೂ ಗೊತ್ತಾಗದಿದ್ದರೆ ಇನ್ನೊಬ್ಬರಿಗೆ ಸ್ವಲ್ಪ ರೇಸ್ ಕೊಡಲು ಹೇಳಿ. ಆಗ ಎಳೆದರೆ ಪೋರ್ಟೆಡ್. ಆಗಲೂ ಎಳೆಯದಿದ್ದರೆ ಉಸಿರು ದಾರಿ, ಇಲ್ಲವಾದರೆ ತೂತು ಕಟ್ಟಿದೆ. ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಅಂಗಿ ತೋಳು, ಪಂಚೆ ತುದಿ ಸುಳಿಯದಂತೆ ನೋಡಿಕೊಳ್ಳಿ.

ಸಾಮಾನ್ಯವಾಗಿ ಯಾವ ಪೈಪ್ ಎಲ್ಲಿಂದ ಎಲ್ಲಿಗೆ ಹೋಗಬೇಕು?

ಗಾಡಿ, ವರ್ಷ, ಎಸಿ ಇದೆಯೋ ಇಲ್ಲವೋ, ಇದರ ಮೇಲೆ ಬದಲಾಗುತ್ತದೆ. ನಿಮ್ಮ ಮಾಡೆಲ್‌ನ ಪುಸ್ತಕದಲ್ಲಿ ಇರುವುದೇ ಕೊನೆಯ ಮಾತು. ಆದರೂ ಹೆಚ್ಚಿನ ಎಂಜಿನ್‌ಗಳಲ್ಲಿ ಒಂದು ಕ್ರಮ ಇದೆ. ಕೆಲಸ ಅರ್ಥವಾದರೆ ದಾರಿ ತಾನಾಗಿ ನೆನಪಿರುತ್ತದೆ.

ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಪಕ್ಕದ ಚಪ್ಪಟೆ ಡಬ್ಬಿಗೆ ಬಹುತೇಕ ಪೋರ್ಟೆಡ್ ನಿಪ್ಪಲ್‌ನಿಂದ ಪೈಪ್ ಬರುತ್ತದೆ. ನೀವು ಹೈವೇ ಮೇಲೆ ಹದವಾಗಿ ಹೋಗುತ್ತಿರುವಾಗ ಪ್ಲಗ್ ಸ್ವಲ್ಪ ಮೊದಲೇ ಕಿಡಿ ಹಾರಿಸುವಂತೆ ಮಾಡುವುದು ಇದರ ಕೆಲಸ. ಮೈಲೇಜ್ ಬರುವುದು ಇದರಿಂದಲೇ. ಕೆಲವು ಎಂಜಿನ್‌ಗಳಲ್ಲಿ ಕಂಪನಿಯವರೇ ಇದನ್ನು ಮ್ಯಾನಿಫೋಲ್ಡ್‌ಗೆ ಕೊಟ್ಟಿರುತ್ತಾರೆ. ಹಾಗಾಗಿ ಪುಸ್ತಕ ನೋಡದೆ ಬದಲಿಸಬೇಡಿ.

ಇಜಿಆರ್ ವಾಲ್ವ್ ಎಲ್ಲ ಗಾಡಿಯಲ್ಲಿ ಇಲ್ಲ. ಇದ್ದರೆ ಅದಕ್ಕೂ ಪೋರ್ಟೆಡ್ ಎಳೆತವೇ, ಅದೂ ನಡುವೆ ಒಂದು ಬಿಸಿ ಸ್ವಿಚ್ ದಾಟಿ. ಸುಟ್ಟ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಎಂಜಿನ್ ಒಳಗೆ ಬಿಡುತ್ತದೆ. ಒಳಗಿನ ಬೆಂಕಿಯ ಬಿಸಿ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಕಡಿಮೆ ಹುಟ್ಟುತ್ತದೆ. ಐಡ್ಲಿಂಗ್‌ನಲ್ಲಿ, ತಣ್ಣಗಿನ ಎಂಜಿನ್‌ನಲ್ಲಿ ಇದು ತೆರೆಯಲೇಬಾರದು. ಅದಕ್ಕೇ ಪೋರ್ಟೆಡ್ ನಿಪ್ಪಲ್, ಅದಕ್ಕೇ ಬಿಸಿ ಸ್ವಿಚ್.

ಬಿಸಿ ಸ್ವಿಚ್ ಅಂದರೆ ಎಂಜಿನ್ ತಂಪು ಮಾಡುವ ನೀರಿನ ದಾರಿಗೆ ತಿರುಪಿದ, ಪ್ಲಾಸ್ಟಿಕ್ ನಿಪ್ಪಲ್ ಇರುವ ಸಣ್ಣ ಸಾಮಾನು. ಸಾಮಾನ್ಯವಾಗಿ ತಣ್ಣಗಿದ್ದಾಗ ಮುಚ್ಚಿ, ಬಿಸಿಯಾದಾಗ ತೆರೆಯುತ್ತದೆ. ಹಳೆಯದಾದ ಮೇಲೆ ಆ ನಿಪ್ಪಲ್‌ಗಳು ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಪೈಪನ್ನು ಎಳೆಯಬೇಡಿ. ಮೊದಲು ತಿರುಚಿ ಸಡಿಲ ಮಾಡಿ, ಆಮೇಲೆ ಕಳಚಿ.

ಇದ್ದಿಲ ಡಬ್ಬಿಗೆ, ಅಂದರೆ ಕ್ಯಾನಿಸ್ಟರ್‌ಗೆ ಎರಡು ಮೂರು ಪೈಪ್ ಇರುತ್ತವೆ. ಒಂದು ಟ್ಯಾಂಕಿನಿಂದ ಆವಿ ತರುತ್ತದೆ. ಇನ್ನೊಂದು ಗಾಡಿ ಓಡುವಾಗ ಆ ಆವಿಯನ್ನು ಎಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಕೆಲವಕ್ಕೆ ಕಾರ್ಬ್ಯುರೇಟರ್ ಬಟ್ಟಲಿನಿಂದಲೂ ಒಂದು. ಕೆಳಗೆ ತಾಜಾ ಗಾಳಿ ಬರುವ ಬಾಯಿ. ಅಮೆರಿಕದಲ್ಲಿ 1970ರ ಸುಮಾರಿಗೆ ಈ ಡಬ್ಬಿ ಗಾಡಿಗಳಿಗೆ ಬಂತು. ಬಿಸಿಲಲ್ಲಿ ನಿಂತ ಗಾಡಿಯ ಪೆಟ್ರೋಲ್ ಗಾಳಿಗೆ ಹಾರಿಹೋಗುವುದನ್ನು ತಡೆಯುವುದು ಇದರ ಉದ್ದೇಶ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಪಿಸಿವಿ ಪೈಪ್ ಎಂಜಿನ್ ತಲೆಯ ಮೇಲಿನ ವಾಲ್ವ್ ಕವರ್‌ನಿಂದ ಮ್ಯಾನಿಫೋಲ್ಡ್‌ಗೆ, ದಾರಿಯಲ್ಲಿ ಪಿಸಿವಿ ವಾಲ್ವ್. ಬೂಸ್ಟರ್ ಪೈಪ್ ಮ್ಯಾನಿಫೋಲ್ಡ್‌ನಿಂದ ಬೂಸ್ಟರಿಗೆ, ನಡುವೆ ಒನ್‌ವೇ ವಾಲ್ವ್. ಎಸಿ ಹಾಕಿದಾಗ ರೇಸ್ ಏರಿಸುವ ಡಬ್ಬಿಗೆ ಮ್ಯಾನಿಫೋಲ್ಡ್ ಎಳೆತ, ನಡುವೆ ಕರೆಂಟ್‌ನಿಂದ ತೆರೆಯುವ ವಾಲ್ವ್.

ಬಾನೆಟ್ ಒಳಗೆ ಚಿತ್ರ ಇಲ್ಲ, ಪುಸ್ತಕವೂ ಸಿಕ್ಕಿಲ್ಲ. ಎಲ್ಲಿಂದ ಶುರು ಮಾಡಲಿ?

ಏನನ್ನೂ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಮೇಲಿಂದ, ಎರಡೂ ಪಕ್ಕದಿಂದ, ಏರ್ ಫಿಲ್ಟರ್ ತೆಗೆದ ಮೇಲೆ ಮತ್ತೊಮ್ಮೆ. ಆಮೇಲೆ ಒಂದು ದೊಡ್ಡ ಹಾಳೆಯ ನಡುವೆ ಕಾರ್ಬ್ಯುರೇಟರ್ ಬರೆಯಿರಿ. ಚಂದ ಬೇಕಿಲ್ಲ, ಚೌಕ ಸಾಕು. ಅದರ ಸುತ್ತ ಎಷ್ಟು ನಿಪ್ಪಲ್ ಇವೆಯೋ ಅಷ್ಟು ಗೀಟು.

ನಾನು ಪ್ರತಿ ಪೈಪ್‌ಗೂ ಮೂರೇ ಪ್ರಶ್ನೆ ಕೇಳುತ್ತೇನೆ. ಎಳೆತ ಎಲ್ಲಿಂದ ಬರುತ್ತದೆ? ನಡುವೆ ಯಾರು ತಡೆಯುತ್ತಾರೆ? ಕೊನೆಗೆ ಕೆಲಸ ಮಾಡುವವರು ಯಾರು? ತೋಟಕ್ಕೆ ನೀರು ಬಿಟ್ಟ ಹಾಗೆ ಇದು. ಕೆರೆ ಯಾವುದು, ತೂಬು ಯಾವುದು, ನೀರು ಕುಡಿಯುವ ಮರ ಯಾವುದು ಎಂದು ಗೊತ್ತಿಲ್ಲದೆ ಕಾಲುವೆ ಕಡಿಯುವವರು ಉಂಟಾ? ಮೂರಕ್ಕೂ ಉತ್ತರ ಸಿಗುವವರೆಗೆ ಆ ಪೈಪ್ ಮುಟ್ಟುವುದಿಲ್ಲ.

ಬಣ್ಣದ ಪೆನ್ಸಿಲ್ ಇದ್ದರೆ ಇನ್ನೂ ಒಳ್ಳೆಯದು. ಮ್ಯಾನಿಫೋಲ್ಡ್‌ನಿಂದ ಹೊರಟದ್ದು ಕೆಂಪು, ಪೋರ್ಟೆಡ್ ನೀಲಿ, ಪೆಟ್ರೋಲ್ ಆವಿಯದ್ದು ಹಸಿರು. ಪೈಪಿನ ಎರಡೂ ತುದಿಗೆ ಟೇಪ್ ಸುತ್ತಿ ಒಂದೇ ನಂಬರ್ ಬರೆಯಿರಿ, ನಿಪ್ಪಲ್ ಪಕ್ಕದಲ್ಲೂ ಅದೇ ನಂಬರ್.

ಒಂದು ಎಚ್ಚರ. ಈಗ ಇರುವ ಜೋಡಣೆಯೇ ತಪ್ಪಿರಬಹುದು. ಇಪ್ಪತ್ತು ಮೂವತ್ತು ವರ್ಷದ ಗಾಡಿಗೆ ಎಷ್ಟು ಕೈ ಬಿದ್ದಿದೆಯೋ ಯಾರಿಗೆ ಗೊತ್ತು. ಹಾಗಾಗಿ ನಿಮ್ಮ ಚಿತ್ರ ಮುಗಿದ ಮೇಲೆ ಅದೇ ಮಾಡೆಲ್‌ನ, ಅದೇ ಕಾಲದ ಇನ್ನೊಂದು ಗಾಡಿ ಜೊತೆ ಹೋಲಿಸಿ. ನಮ್ಮ ಕಡೆ ಊರಿಗೊಂದಾದರೂ ಮಾರುತಿ 800 ಇನ್ನೂ ಇದೆ. ಕೇಳಿದರೆ ಬಾನೆಟ್ ಎತ್ತಿ ತೋರಿಸದವರನ್ನು ನಾನು ಕಂಡಿಲ್ಲ.

ಎಲ್ಲ ಪೈಪ್ ಒಂದೇ ಸಲ ಬದಲಿಸಬಹುದಾ?

ಬದಲಿಸಬಹುದು, ಆದರೆ ಒಂದೊಂದಾಗಿ. ಒಂದು ತೆಗೆದು, ಅದರಷ್ಟೇ ಉದ್ದ ಕತ್ತರಿಸಿ, ಹಾಕಿ, ಆಮೇಲೆ ಇನ್ನೊಂದು.

ಎರಡು ಪೈಪ್ ಅದಲು ಬದಲಾದರೆ ಏನಾಗುತ್ತದೆ?

ಗಾಡಿ ಸ್ಟಾರ್ಟ್ ಆಗುತ್ತದೆ. ಅದೇ ತೊಂದರೆ. ತಪ್ಪು ಕೂಡಲೇ ಗೊತ್ತಾಗುವುದಿಲ್ಲ.

ಪೋರ್ಟೆಡ್‌ಗೆ ಹೋಗಬೇಕಾದ ಡಿಸ್ಟ್ರಿಬ್ಯೂಟರ್ ಪೈಪ್ ಮ್ಯಾನಿಫೋಲ್ಡ್‌ಗೆ ಹೋದರೆ ಐಡ್ಲಿಂಗ್ ರೇಸ್ ಏರುತ್ತದೆ. ಯಾರೋ ಸ್ಕ್ರೂ ತಿರುಗಿಸಿ ಇಳಿಸುತ್ತಾರೆ. ಆಮೇಲೆ ಗಾಡಿ ನಿಂತಲ್ಲಿ ಆಫ್ ಆಗುತ್ತದೆ, ಮತ್ತೆ ಸ್ಕ್ರೂ. ಹೀಗೆ ಒಂದು ತಪ್ಪು ಮುಚ್ಚಲು ನಾಲ್ಕು ಹೊಂದಾಣಿಕೆ ಕೆಡಿಸುತ್ತೇವೆ.

ಇಜಿಆರ್ ಪೈಪ್ ಮ್ಯಾನಿಫೋಲ್ಡ್‌ಗೆ ಹೋದರೆ ಐಡ್ಲಿಂಗ್‌ನಲ್ಲೇ ವಾಲ್ವ್ ತೆರೆದು ಎಂಜಿನ್ ಕುಂಟುತ್ತದೆ, ನಿಂತೂ ಹೋಗುತ್ತದೆ. ಟ್ಯಾಂಕಿನ ಆವಿ ಪೈಪ್ ಮಡಚಿಕೊಂಡರೆ ಗಾಡಿ ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಪೆಟ್ರೋಲ್ ಸಿಗದೆ ನಿಲ್ಲಬಹುದು. ಟ್ಯಾಂಕ್ ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಒಳಗೆ ನುಗ್ಗುವ ಸದ್ದು ಬಂದರೆ ಇದನ್ನೇ ನೋಡಿ. ಕ್ಯಾನಿಸ್ಟರ್ ಕೆಳಗಿನ ಗಾಳಿ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದು ಸಾಮಾನ್ಯ.

ಸೋರಿಕೆ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಶಿರಸಿ ಕಡೆಯ ಹಿರಿಯರೊಬ್ಬರು ಒಂದು ಮಳೆಗಾಲದಲ್ಲಿ 800 ತಂದರು. ಎರಡು ಕಡೆ ಟ್ಯೂನಿಂಗ್ ಮಾಡಿಸಿದ್ದರು. ಪ್ಲಗ್ ಹೊಸದು, ಕಾರ್ಬ್ಯುರೇಟರ್ ತೊಳೆದಾಗಿದೆ. "ತಮ್ಮಾ, ಗಾಡಿ ನಿಲ್ಲಿಸಿದಲ್ಲೆಲ್ಲ ಆಫ್ ಆಗ್ತು. ಮಗ ಮಾರು ಹೇಳ್ತ" ಎಂದರು. ನಾನು ಐಡ್ಲಿಂಗ್‌ನಲ್ಲಿ ಇಟ್ಟು ಗಾಳಿ ಕಡಿಮೆ ಮಾಡುವ ಚೋಕ್ ಸ್ವಲ್ಪ ಎಳೆದೆ. ಎಂಜಿನ್ ಸರಿಯಾಯಿತು. ಬಿಸಿ ಎಂಜಿನ್‌ಗೆ ಚೋಕ್ ಕೊಟ್ಟಾಗ ಓಟ ಸುಧಾರಿಸಿದರೆ ಎಲ್ಲಿಂದಲೋ ಹೆಚ್ಚಿನ ಗಾಳಿ ಬರುತ್ತಿದೆ ಎಂದೇ ಅನುಮಾನ ಪಡಬೇಕು.

ಪಿಸಿವಿ ಪೈಪಿನ ಬಾಗಿದ ಮೊಣಕೈ ಮೇಲಿಂದ ಹೊಸದರ ಹಾಗೆ ಹೊಳೆಯುತ್ತಿತ್ತು. ಬೆರಳನ್ನು ಅಡಿಗೆ ತೂರಿಸಿದೆ. ಎಣ್ಣೆ ಜಿಗುಟು, ರಬ್ಬರ್ ಹಲಸಿನ ಮೇಣದ ಹಾಗೆ ಮೆತ್ತಗೆ. ಮೆಲ್ಲಗೆ ಬಗ್ಗಿಸಿದಾಗ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಆ ಒಂದು ತುಂಡು ಬದಲಿಸಿದ್ದೇ ಕೆಲಸ. ಅವರು ಈಗಲೂ ಅದೇ ಗಾಡಿಯಲ್ಲಿ ಓಡಾಡುತ್ತಾರೆ. ಹಾಗಾಗಿ ಪೈಪನ್ನು ಕಣ್ಣಿನಿಂದ ನೋಡಿ ಬಿಡಬೇಡಿ, ಬಗ್ಗಿಸಿ ನೋಡಿ. ಅಡಿಯ ಮಗ್ಗುಲನ್ನೂ ನೋಡಿ.

ಇನ್ನೊಂದು ದಾರಿ, ಎಂಜಿನ್ ಓಡುತ್ತಿರುವಾಗ ಒಂದೊಂದೇ ಪೈಪನ್ನು ನಿಪ್ಪಲ್ ಹತ್ತಿರ ಬೆರಳಿನಿಂದ ಹಿಸುಕುವುದು. ಯಾವುದನ್ನು ಹಿಸುಕಿದಾಗ ಓಟ ಸಮ ಆಗುತ್ತದೋ ಸೋರಿಕೆ ಅದರ ಆಚೆಗಿದೆ. ಪಿಸಿವಿ ಪೈಪ್ ಹಿಸುಕಿದರೆ ಮಾತ್ರ ರೇಸ್ ಸ್ವಲ್ಪ ಇಳಿಯಬೇಕು, ಅದು ಸರಿ ಇರುವ ಲಕ್ಷಣ. ಏನೂ ಬದಲಾಗದಿದ್ದರೆ ವಾಲ್ವ್ ಕಟ್ಟಿರಬಹುದು.

ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ಮೇಲೆ ಅನುಮಾನ ಇದ್ದರೆ ಸೋಪು ನೀರನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿ ಸಿಂಪಡಿಸಿ. ಸೋರುವ ಜಾಗಕ್ಕೆ ನೀರು ಬಿದ್ದ ಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ. ಡಿಸ್ಟ್ರಿಬ್ಯೂಟರ್, ಪ್ಲಗ್ ವೈರ್ ಮೇಲೆ ಬೀಳದಿರಲಿ. ಪೆಟ್ರೋಲ್ ಸಿಂಪಡಿಸಿ ನೋಡುವವರಿದ್ದಾರೆ. ಊದುಬತ್ತಿ ಹಿಡಿದು ಹೊಗೆ ಎತ್ತ ಹೋಗುತ್ತದೆ ಎಂದು ನೋಡುವವರೂ ಇದ್ದಾರೆ. ಕೈಮುಗಿದು ಕೇಳುತ್ತೇನೆ, ಇವೆರಡನ್ನೂ ಮಾಡಬೇಡಿ. ಪೆಟ್ರೋಲ್ ಆವಿ ಇರುವ ಜಾಗ ಅದು.

ಡಯಾಫ್ರಮ್ ನೋಡಲು ಸೂಜಿ ಇಲ್ಲದ ದೊಡ್ಡ ಸಿರಿಂಜ್ ಸಾಕು. ಪೈಪಿಗೆ ಸಿಕ್ಕಿಸಿ ಎಳೆಯಿರಿ, ಎಳೆದಲ್ಲೇ ಹಿಡಿದುಕೊಳ್ಳಿ. ಕಡ್ಡಿ ಸರಿದು ಅಲ್ಲೇ ನಿಂತರೆ ಪೊರೆ ಗಟ್ಟಿ. ಮೆಲ್ಲಗೆ ವಾಪಸ್ ಬಂದರೆ ತೂತಾಗಿದೆ.

ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಕೊಳ್ಳಬೇಕಾ? ಕಾರವಾರದಲ್ಲಿ 19 ತೋರಿಸಿದ್ದು ಶಿರಸಿಯಲ್ಲಿ 17 ತೋರಿಸುತ್ತದಲ್ಲ?

ಕೊಳ್ಳಿ. ಹಳೆ ಗಾಡಿ ಇಟ್ಟುಕೊಂಡವರಿಗೆ ಇಷ್ಟು ಮಾಹಿತಿ ಕೊಡುವ ಬೇರೆ ಸಾಮಾನು ಇಲ್ಲ.

ನಿಮ್ಮ ಗೇಜ್ ಕೆಟ್ಟಿಲ್ಲ. ಸಮುದ್ರದ ಮಟ್ಟದಲ್ಲಿ ಒಳ್ಳೆ ಎಂಜಿನ್ ಐಡ್ಲಿಂಗ್‌ನಲ್ಲಿ ಪಾದರಸದ ಲೆಕ್ಕದಲ್ಲಿ ಸುಮಾರು 17ರಿಂದ 21 ಇಂಚು ತೋರಿಸುತ್ತದೆ. ಸಾವಿರ ಅಡಿ ಮೇಲೇರಿದರೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ಶಿರಸಿ ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿದೆ. ಲೆಕ್ಕ ಸರಿಯಾಯಿತಲ್ಲ?

ಮುಳ್ಳು ಅಲುಗಾಡದೆ ನಿಂತಿದ್ದು, ಇರಬೇಕಾದ್ದಕ್ಕಿಂತ ನಾಲ್ಕೈದು ಇಂಚು ಕಡಿಮೆ ಇದ್ದರೆ ಸೋರಿಕೆ ಇದೆ ಅಥವಾ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬಿದ್ದಿದೆ. ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಕೆಳಗೆ ಹೊಡೆದರೆ ಒಂದು ವಾಲ್ವ್ ಕೂರುತ್ತಿಲ್ಲ. ರೇಸ್ ಕೊಟ್ಟು ಹಿಡಿದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಸೈಲೆನ್ಸರ್ ದಾರಿ ಕಟ್ಟಿದೆ. ಥಟ್ಟನೆ ರೇಸ್ ಕೊಟ್ಟು ಬಿಟ್ಟಾಗ ಮುಳ್ಳು ಸೊನ್ನೆ ಹತ್ತಿರ ಬಿದ್ದು, ಮೊದಲಿದ್ದದ್ದಕ್ಕಿಂತ ಮೇಲೇರಿ, ಮತ್ತೆ ಜಾಗಕ್ಕೆ ಬಂದು ನಿಂತರೆ ನಿಮ್ಮ ಎಂಜಿನ್ನಿನ ಪಿಸ್ಟನ್ ರಿಂಗ್ ಗಟ್ಟಿಯಾಗಿದೆ, ಸಂತೋಷಪಡಿ.

ದೇವಿಮನೆ ಘಟ್ಟದಲ್ಲಿ ಗೇಜ್ ಕಟ್ಟಿಕೊಂಡು ಒಮ್ಮೆ ಹೋಗಿ ಬನ್ನಿ. ಹತ್ತುವಾಗ ಮುಳ್ಳು ಕೆಳಗೆ ಬೀಳುತ್ತದೆ. ಇಳಿಯುವಾಗ ಆ್ಯಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಬಂದರೆ ಐಡ್ಲಿಂಗ್‌ಗಿಂತಲೂ ಮೇಲೇರುತ್ತದೆ. ಘಟ್ಟ ಇಳಿದು ಮತ್ತೆ ರೇಸ್ ಕೊಟ್ಟ ಕೂಡಲೇ ನೀಲಿ ಹೊಗೆ ಬಂದರೆ ಆ ಜೋರಾದ ಎಳೆತಕ್ಕೆ ವಾಲ್ವ್ ಸೀಲ್ ದಾಟಿ ಎಣ್ಣೆ ಒಳಗೆ ಹೋಗಿದೆ ಎಂದರ್ಥ. ಪೈಪಿನ ತಪ್ಪಲ್ಲ ಅದು.

ಹೊಗೆ ತಪಾಸಣೆಯಲ್ಲಿ ಫೇಲ್ ಆಯಿತು. ಪೈಪ್ ಕಾರಣ ಇರಬಹುದಾ?

ಚೀಟಿಯಲ್ಲೇ ಉತ್ತರ ಇರುತ್ತದೆ. ಭಾರತ್ ಸ್ಟೇಜ್ 2 ಎಂಬ ಹೊಗೆ ನಿಯಮಕ್ಕಿಂತ ಮೊದಲಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ 3 ಶೇಕಡಾ, ಹೈಡ್ರೋಕಾರ್ಬನ್ 1500 ಪಿಪಿಎಂ ಮಿತಿ. ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ.

ಮೊನಾಕ್ಸೈಡ್ ಜಾಸ್ತಿ ಬಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಏರ್ ಫಿಲ್ಟರ್, ಚೋಕ್, ಫ್ಲೋಟ್ ನೋಡಿ. ಕ್ಯಾನಿಸ್ಟರ್ ಪೆಟ್ರೋಲಿನಲ್ಲಿ ನೆನೆದಿದ್ದರೂ ಹೀಗಾಗುತ್ತದೆ. ಪಂಪ್‌ನಲ್ಲಿ ಕಟ್ ಆದ ಮೇಲೂ ಬಾಯಿವರೆಗೆ ತುಂಬಿಸುವ ಅಭ್ಯಾಸ ಇದ್ದರೆ ಬಿಡಿ, ಆ ಪೆಟ್ರೋಲ್ ಇದ್ದಿಲಿಗೆ ಹೋಗುತ್ತದೆ.

ಮೊನಾಕ್ಸೈಡ್ ತೀರಾ ಕಡಿಮೆ, ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಬಂದರೆ ಪೈಪ್ ಮೇಲೆ ಅನುಮಾನ ಪಡಿ. ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗಿದೆ, ಕೆಲವು ಸಲ ಬೆಂಕಿ ಹತ್ತುತ್ತಲೇ ಇಲ್ಲ, ಸುಡದ ಪೆಟ್ರೋಲ್ ಹಾಗೇ ಹೊರಗೆ ಬರುತ್ತಿದೆ. ಪ್ಲಗ್, ವೈರ್ ಕೆಟ್ಟರೂ ಹೀಗೇ ಬರುತ್ತದೆ. ಹಾಗಾಗಿ ಅವನ್ನೂ ನೋಡಿ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಆ ದಿನಕ್ಕೆ ಪಾಸ್ ಮಾಡಿಸಬಹುದು. ಆದರೆ ಸೀಳಿದ ಪೈಪ್ ಹಾಗೇ ಇರುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರವಾರ, ಶಿರಸಿ, ಹೊನ್ನಾವರ ಎಲ್ಲಿಯ ನಂಬರ್ ಇದ್ದರೂ ಆ ದಿನಕ್ಕೆ ಮೊದಲೇ ಇದನ್ನು ಸರಿ ಮಾಡಿಟ್ಟುಕೊಂಡರೆ ನಿಶ್ಚಿಂತೆ.

ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಮಿಸ್ಸಿಂಗ್, ಅಂದರೆ ಆಗಾಗ ಬೆಂಕಿ ಹತ್ತದ ತೊಂದರೆ, ಇಟ್ಟುಕೊಂಡು ಓಡಿಸಲೇಬೇಡಿ. ಸುಡದ ಪೆಟ್ರೋಲ್ ಅದರೊಳಗೆ ಉರಿದು ಕೆಂಪಗೆ ಕಾಯುತ್ತದೆ. ಬೇಸಿಗೆಯಲ್ಲಿ ಬೆಟ್ಟದ ಬದಿ ಒಣ ದರಕಿನ, ಅಂದರೆ ಉದುರಿದ ಎಲೆಗಳ ಮೇಲೆ ಅಂಥ ಗಾಡಿ ನಿಲ್ಲಿಸಿದರೆ ಬೆಂಕಿ ಹತ್ತಬಹುದು.

ಯಾವ ಪೈಪ್ ತರಬೇಕು? ಮೀನಿನ ತೊಟ್ಟಿಯ ಪೈಪ್ ನಡೆಯುತ್ತದಾ?

ನಡೆಯುವುದಿಲ್ಲ. ಎರಡು ವಾರ ಚೆನ್ನಾಗಿರುತ್ತದೆ. ಆಮೇಲೆ ಬಿಸಿಗೆ ಮೆತ್ತಗಾಗಿ ಬಾಗಿದಲ್ಲಿ ಮಡಚಿಕೊಳ್ಳುತ್ತದೆ, ಕೊನೆಗೆ ಗಟ್ಟಿಯಾಗಿ ನಿಪ್ಪಲ್ ಬಿಟ್ಟು ಬರುತ್ತದೆ. ಆಸ್ಪತ್ರೆಯ ಡ್ರಿಪ್ ಪೈಪೂ ಅಷ್ಟೇ.

ಹಳೆ ಪೈಪಿನ ತುಂಡು ಹಿಡಿದುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ. ಒಳಗಿನ ತೂತು ಮುಖ್ಯ. ಸಣ್ಣವು ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್. ನಿಪ್ಪಲ್ ಮೇಲೆ ಸ್ವಲ್ಪ ಬಿಗಿಯಾಗಿ ಕೂರಬೇಕು, ಜಾರಿ ಹೋಗಬಾರದು. ಗೋಡೆ ದಪ್ಪ ಇರಲಿ, ಇಲ್ಲದಿದ್ದರೆ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಪೆಟ್ರೋಲ್ ಆವಿ, ಎಣ್ಣೆ ಹೊಗೆ ಹೋಗುವ ಜಾಗಕ್ಕೆ ಪೆಟ್ರೋಲ್ ತಡೆಯುವ ರಬ್ಬರ್ ಪೈಪೇ ಬೇಕು. ಬಣ್ಣಬಣ್ಣದ ಸಿಲಿಕಾನ್ ಪೈಪ್ ಬಿಸಿಗೆ ಒಳ್ಳೆಯದು, ಪೆಟ್ರೋಲ್ ಮತ್ತು ಎಣ್ಣೆಗೆ ಅಲ್ಲ. ಬೂಸ್ಟರಿಗೆ ಬೂಸ್ಟರ್ ಪೈಪೇ. ಅಲ್ಲಿ ಉಳಿತಾಯ ಬೇಡ.

ಹಾಕುವಾಗ ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ ತನ್ನಿ. ತೀರಾ ಉದ್ದ ಬಿಟ್ಟರೆ ಜೋತು ಬಿದ್ದು ಮಡಚಿಕೊಳ್ಳುತ್ತದೆ, ತೀರಾ ಗಿಡ್ಡ ಮಾಡಿದರೆ ಎಂಜಿನ್ ಅಲುಗಾಟಕ್ಕೆ ಕಿತ್ತು ಬರುತ್ತದೆ. ಎಂಜಿನ್ ಕುಲುಕುವಷ್ಟು ಸಡಿಲ ಇರಲಿ.

ನಮ್ಮ ಕಡೆ ಪೈಪ್ ಬೇಗ ಹಾಳಾಗುತ್ತದಲ್ಲ, ಯಾಕೆ?

ಉಪ್ಪು ಗಾಳಿ ರಬ್ಬರಿಗಿಂತ ನಿಪ್ಪಲ್‌ಗೆ ಜಾಸ್ತಿ ಪೆಟ್ಟು ಕೊಡುತ್ತದೆ. ತುಕ್ಕು ಹಿಡಿದ ನಿಪ್ಪಲ್ ಮೇಲೆ ಹೊಸ ಪೈಪ್ ಹಾಕಿದರೂ ಸೋರುತ್ತದೆ. ಮೊದಲು ನಯವಾದ ಪಾಲಿಶ್ ಕಾಗದದಲ್ಲಿ ಉಜ್ಜಿ, ಚೂರು ಒಳಗೆ ಬೀಳದಂತೆ ಒರೆಸಿ.

ಮಳೆಗಾಲದಲ್ಲಿ ಇಲಿ. ಅಡಿಕೆ, ಭತ್ತ ಇಡುವ ಕೊಟ್ಟಿಗೆಯಲ್ಲೇ ಗಾಡಿ ನಿಲ್ಲಿಸುತ್ತೇವೆ, ಬೆಚ್ಚಗಿನ ಎಂಜಿನ್ ಮೇಲೆ ಅದು ಬಂದು ಕೂರುತ್ತದೆ. ವಾರ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ನೋಡಿ. ಪೆಟ್ರೋಲ್ ಪೈಪ್ ಕಡಿದಿದ್ದರೆ ಸ್ಟಾರ್ಟ್ ಮಾಡುವುದೇ ಅಪಾಯ.

ಈಗಿನ ಎಥೆನಾಲ್ ಪೆಟ್ರೋಲೂ ಒಂದು ಕಾರಣ. 2023ರಿಂದ 20 ಶೇಕಡಾ ಎಥೆನಾಲ್ ಇರುವ ಪೆಟ್ರೋಲ್ ಪಂಪ್‌ಗಳಿಗೆ ಬರತೊಡಗಿತು. ಹಳೆ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣವೂ ತುಸು ತೆಳುವಾಗುತ್ತದೆ. ಅದರ ಮೇಲೆ ಪೈಪ್ ಸೋರಿದರೆ ಎರಡೂ ಸೇರಿ ಗಾಡಿ ಕುಂಟುತ್ತದೆ. ಮೊದಲು ನಡೆಯುತ್ತಿದ್ದ ಸಣ್ಣ ಸೋರಿಕೆ ಈಗ ನಡೆಯುವುದಿಲ್ಲ.

ಎಲ್ಲ ತೆಗೆದು ಬಂದ್ ಮಾಡಿದರೆ ಪಿಕಪ್ ಬರುತ್ತದೆ ಎನ್ನುತ್ತಾರೆ. ನಿಜವಾ?

ಇಲ್ಲ. ಹತ್ತಾರು ಗಾಡಿಗಳಲ್ಲಿ ಸ್ಕ್ರೂ ತುರುಕಿದ ಪೈಪ್‌ಗಳನ್ನು ತೆಗೆದು ಮತ್ತೆ ಜೋಡಿಸಿದ್ದೇನೆ. ಪಿಸಿವಿ ಬಂದ್ ಮಾಡಿದರೆ ಎಂಜಿನ್ ಹೊಟ್ಟೆಯಲ್ಲಿ ಒತ್ತಡ ಕಟ್ಟಿಕೊಂಡು ಸೀಲ್‌ಗಳಿಂದ ಎಣ್ಣೆ ಸುರಿಯುತ್ತದೆ. ಡಿಸ್ಟ್ರಿಬ್ಯೂಟರ್ ಪೈಪ್ ತೆಗೆದರೆ ಮೈಲೇಜ್ ಬೀಳುತ್ತದೆ. ಕ್ಯಾನಿಸ್ಟರ್ ತೆಗೆದರೆ ಕೊಟ್ಟಿಗೆ ತುಂಬ ಪೆಟ್ರೋಲ್ ವಾಸನೆ, ಎಷ್ಟೋ ಮನೆಗಳಲ್ಲಿ ಅದರ ಪಕ್ಕದಲ್ಲೇ ಬಚ್ಚಲ ಒಲೆ ಇರುತ್ತದೆ. ಪೈಪ್ ತೆಗೆದ ಮೇಲೆ ಗಾಡಿ ಚೆನ್ನಾಗಿ ಓಡಿತು ಎಂದರೆ ಆ ಪೈಪ್ ಸೀಳಿತ್ತು ಅಥವಾ ತಪ್ಪು ಜಾಗದಲ್ಲಿತ್ತು. ಅದನ್ನು ಸರಿ ಮಾಡಿದ್ದರೆ ಇನ್ನೂ ಚೆನ್ನಾಗಿ ಓಡುತ್ತಿತ್ತು.

ಬ್ರೇಕಿಗೂ ಈ ಪೈಪಿಗೂ ಏನು ಸಂಬಂಧ?

ಬೂಸ್ಟರ್ ಇರುವ ಗಾಡಿಯಲ್ಲಿ ಪೆಡಲ್ ಹಗುರ ಮಾಡುವುದೇ ಎಂಜಿನ್ನಿನ ಎಳೆತ. ಒನ್‌ವೇ ವಾಲ್ವ್ ನಮ್ಮ ಗಜನಿ, ಅಂದರೆ ಹಿನ್ನೀರ ಬದಿಯ ಗದ್ದೆಯ ಒಡ್ಡಿನ ಬಾಗಿಲಿನ ಹಾಗೆ. ಸಮುದ್ರದ ಇಳಿತದಲ್ಲಿ ನೀರು ಹೊರಗೆ ಬಿಡುತ್ತದೆ, ಭರತದಲ್ಲಿ ಉಪ್ಪು ನೀರು ಒಳಗೆ ಬಿಡುವುದಿಲ್ಲ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಊದಿದರೆ ಹೋಗಬಾರದು. ತಿರುಗಾ ಹಾಕಿದರೆ ಬೂಸ್ಟರ್ ಕೆಲಸವೇ ಮಾಡುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ. ಕಾಲು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋದರೆ ಬೂಸ್ಟರ್ ಸರಿ ಇದೆ.

ಪೆಟ್ರೋಲ್ ಉಳಿಸಲು ಘಟ್ಟದಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರು ಇನ್ನೂ ಇದ್ದಾರೆ. ಬೂಸ್ಟರಿನಲ್ಲಿ ಉಳಿದ ಎಳೆತ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ದೇವಿಮನೆ ಇರಲಿ, ಅರಬೈಲ್ ಇರಲಿ, ಗೇರಿನಲ್ಲೇ ಇಳಿಯಿರಿ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಎಲ್ಲ ಪೈಪ್ ಜೋಡಿಸಿ ಆಯಿತು. ಇನ್ನು ಟ್ಯೂನಿಂಗ್ ಯಾವ ಕ್ರಮದಲ್ಲಿ?

ಪೈಪ್ ಸರಿಯಾಗದೆ ಸ್ಕ್ರೂ ಮುಟ್ಟಬಾರದು, ಅದೇ ಮೊದಲನೆಯದು. ಆಮೇಲೆ ಪ್ಲಗ್ ಮತ್ತು ಪಾಯಿಂಟ್ ಗ್ಯಾಪ್. ಆಮೇಲೆ ಟೈಮಿಂಗ್. ಬಹಳ ಎಂಜಿನ್‌ಗಳಲ್ಲಿ ಟೈಮಿಂಗ್ ನೋಡುವಾಗ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಬೇಕು. ಮುಗಿದ ಮೇಲೆ ಮರೆಯದೆ ವಾಪಸ್ ಹಾಕಬೇಕು. ಕಡೆಗೆ ಐಡ್ಲಿಂಗ್ ಸ್ಪೀಡ್, ಮಿಕ್ಸ್ಚರ್. ಎಂಜಿನ್ ಪೂರ್ತಿ ಬಿಸಿ ಇರಲಿ, ಚೋಕ್ ಪೂರ್ತಿ ತೆರೆದಿರಲಿ.

ಶಿರಸಿಯವರು ಶಿರಸಿಯಲ್ಲೇ ಐಡ್ಲಿಂಗ್ ಹೊಂದಿಸಿಕೊಳ್ಳಿ. ಇಲ್ಲಿ ಕೆಳಗೆ ಹೊಂದಿಸಿ ಕಳಿಸಿದ್ದು ಮೇಲೆ ಹೋದಾಗ ತುಸು ಬದಲಾಗುತ್ತದೆ. ನೀವು ಬರೆದ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಆರ್‌ಸಿ ಜೊತೆ ಡ್ಯಾಶ್‌ಬೋರ್ಡ್‌ನಲ್ಲಿ ಇಡಿ. ಮುಂದಿನ ಸಲ ಬಾನೆಟ್ ಎತ್ತುವವರು ನಾನೇ ಆಗಿದ್ದರೂ ಮೊದಲು ಅದನ್ನೇ ಕೇಳುತ್ತೇನೆ.